ಮಣ್ಣಿನಲ್ಲಿ ತಾಮ್ರ: ಹಾಕುವ ಮುಂಚೆ ಲೆಕ್ಕ ನೋಡಿ

ಮಣ್ಣು ಪರೀಕ್ಷೆಯ ಬಗ್ಗೆ ಬರೆದಾಗಲೆಲ್ಲ ಎರಡು ಪ್ರಶ್ನೆ ತಪ್ಪದೇ ಬರುತ್ತವೆ. ನವಲಗುಂದ, ನರಗುಂದ ಕಡೆಯ ಎರಿ (ಕಪ್ಪು ಮಣ್ಣಿನ) ಹೊಲದವರು ಕೇಳುತ್ತಾರೆ: "ಕಾರ್ಡಿನ್ಯಾಗ ತಾಮ್ರ ಸಾಕಷ್ಟು ಐತಿ ಅಂತ ಬರದಾರ. ಆದ್ರೂ ಎಲಿ ಹಳದಿ ಆಗ್ಯಾವು. ಮೈಲುತುತ್ತ ಹಾಕ್ಲೇನ್ರಿ?" ಹಾನಗಲ್, ಹಿರೇಕೆರೂರು ಕಡೆಯ ಅಡಿಕೆ ತೋಟದವರು ಕೇಳುತ್ತಾರೆ: "ವರ್ಷಾ ಬೋರ್ಡೋ ಹೊಡಿತೀವ್ರಿ. ಆ ತಾಮ್ರ ನೆಲದಾಗ ಏನಾಗ್ತೈತಿ?"

ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಅದಕ್ಕೆ ಸುಣ್ಣ ಸೇರಿಸಿ ಮಾಡುವ ರೋಗದ ಔಷಧಿಯೇ ಬೋರ್ಡೋ. ಎರಡೂ ಪ್ರಶ್ನೆಗೆ ಉತ್ತರ ಒಂದೇ ಕಡೆ ಇದೆ. ತಾಮ್ರ ನೆಲಕ್ಕೆ ಸೇರಿದ ಮೇಲೆ ಯಾವುದಕ್ಕೆ ಅಂಟಿಕೊಳ್ಳುತ್ತದೆ, ಯಾವಾಗ ಬಿಡುತ್ತದೆ ಎಂದು ಗೊತ್ತಾದರೆ ಉಳಿದದ್ದು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಭಾಗದಲ್ಲಿ ತಾಮ್ರದ ನಿಜವಾದ ಕೊರತೆ ಅಪರೂಪ. ಸತು, ಕಬ್ಬಿಣ, ಬೋರಾನ್ ಕೊರತೆಯೇ ಜಾಸ್ತಿ. ಮತ್ತೆ ತಾಮ್ರ ಯೂರಿಯಾದ ಹಾಗಲ್ಲ. ಯೂರಿಯಾ ಹೆಚ್ಚಾದರೆ ಒಂದಿಷ್ಟು ಮಳೆಯಲ್ಲಿ ಹೋಗುತ್ತದೆ, ಒಂದಿಷ್ಟು ಗಾಳಿಗೆ ಹೋಗುತ್ತದೆ. ತಾಮ್ರ ಹೆಚ್ಚಾದರೆ ಮೊಮ್ಮಕ್ಕಳ ಕಾಲಕ್ಕೂ ಆ ಹೊಲದಲ್ಲೇ ಇರುತ್ತದೆ. ಅದಕ್ಕೇ ಈ ಒಂದು ವಿಷಯದಲ್ಲಿ ಅವಸರ ಬೇಡ ಎಂದು ಕೈಮುಗಿದು ಕೇಳುತ್ತೇನೆ.

ಕೈಯಲ್ಲಿ ಏನಿರಬೇಕು? ಮಣ್ಣು ಆರೋಗ್ಯ ಕಾರ್ಡ್ ಅಥವಾ ಲ್ಯಾಬಿನ ವರದಿ, ಹಳೆಯ ಔಷಧಿ ಬಿಲ್ಲುಗಳು, ಒಂದು ನೋಟ್‌ಬುಕ್ಕು, ಒಂದು ನಿಂಬೆಹಣ್ಣು. ಹೊಸದಾಗಿ ಮಣ್ಣು ತೆಗೆಯುವುದಾದರೆ ಪ್ಲಾಸ್ಟಿಕ್ ಬಕೆಟ್ಟು ಮತ್ತು ಹೊಸ ಚೀಲ.

1. ತಾಮ್ರದ ಸ್ವಭಾವ ತಿಳಿದುಕೊಳ್ಳಿ

ಮನೆಯ ತಾಮ್ರದ ಕೊಡ ನೆನಪಿಸಿಕೊಳ್ಳಿ. ತೊಳೆಯದೆ ಬಿಟ್ಟರೆ ಕುತ್ತಿಗೆಯ ಸಂದಿಯಲ್ಲಿ ಹಸಿರು ಕಿಲುಬು ಕೂರುತ್ತದೆ. ಎಷ್ಟು ನೀರು ಸುರಿದರೂ ಅದು ಹೋಗುವುದಿಲ್ಲ. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಹೋಗುತ್ತದೆ. ಹುಳಿ ಆ ತಾಮ್ರವನ್ನು ಕರಗಿಸಿ ತನ್ನ ಜೊತೆ ಹಿಡಿದುಕೊಂಡು ಹೊರಡುತ್ತದೆ.

ಮಣ್ಣಿನಲ್ಲೂ ಹೀಗೇ. ಮಣ್ಣು ಹುಳಿಯಾಗಿದ್ದರೆ ತಾಮ್ರ ಕರಗುತ್ತದೆ. ಸುಣ್ಣ ಹೆಚ್ಚಿದ್ದರೆ ಕಿಲುಬಿನ ಹಾಗೆ ಗಟ್ಟಿಯಾಗಿ ಕೂರುತ್ತದೆ. ಈ ಹುಳಿ-ಸುಣ್ಣದ ಅಳತೆಯೇ ರಸಸಾರ, ಕಾರ್ಡಿನಲ್ಲಿ ಪಿಎಚ್ ಎಂದು ಬರೆದಿರುತ್ತದೆ. 7 ಎಂದರೆ ನಡುಮಧ್ಯ. ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ರಸಸಾರ ಒಂದು ಅಂಕಿ ಮೇಲೇರಿದರೆ ಮಣ್ಣಿನ ನೀರಿನಲ್ಲಿ ಬಿಡಿಯಾಗಿ ಕರಗಿರುವ ತಾಮ್ರ ಸುಮಾರು ನೂರು ಪಟ್ಟು ಇಳಿಯುತ್ತದೆ. 6.5 ಇರುವ ಮಸಾರಿಗೂ (ಕೆಂಪು ಮಣ್ಣಿಗೂ) 8.5 ಇರುವ ಎರಿಗೂ ನಡುವೆ ಹತ್ತು ಸಾವಿರ ಪಟ್ಟು ಅಂತರ!

ಹಾಗಾದರೆ ಎರಿ ಹೊಲದ ಕಡಲೆ, ಜೋಳ ತಾಮ್ರವಿಲ್ಲದೆ ಸಾಯಬೇಕಿತ್ತಲ್ವಾ? ಸಾಯುವುದಿಲ್ಲ. ಕಾರಣ ಹ್ಯೂಮಸ್. ತಿಪ್ಪೆಗೊಬ್ಬರ, ಎಲೆ, ಬೇರು ಎಲ್ಲ ಪೂರ್ತಿ ಕೊಳೆತ ಮೇಲೆ ಉಳಿಯುವ ಕಪ್ಪು ಸಾರವೇ ಹ್ಯೂಮಸ್. ತಾಮ್ರಕ್ಕೂ ಅದಕ್ಕೂ ಬಹಳ ಗಟ್ಟಿ ನಂಟು. ಗಿಡಕ್ಕೆ ಬೇಕಾದ ಸತು, ಮ್ಯಾಂಗನೀಸ್‌ಗಳಿಗಿಂತ ಬಿಗಿಯಾಗಿ ತಾಮ್ರ ಹ್ಯೂಮಸ್‌ಗೆ ಅಂಟುತ್ತದೆ. ಮಣ್ಣಿನ ನೀರಿನಲ್ಲಿ ಇರುವ ತಾಮ್ರದಲ್ಲಿ ಹೆಚ್ಚಿನ ಪಾಲು ಒಂಟಿಯಾಗಿ ಇರುವುದೇ ಇಲ್ಲ, ಕರಗಿದ ಸಾವಯವ ಕಣಗಳ ಹೆಗಲೇರಿ ಓಡಾಡುತ್ತದೆ. ಹೀಗೆ ಇಕ್ಕಳದಲ್ಲಿ ಹಿಡಿದ ಹಾಗೆ ಲೋಹವನ್ನು ಹಿಡಿದುಕೊಂಡ ರೂಪಕ್ಕೆ ಚೀಲೇಟ್ ಎನ್ನುತ್ತಾರೆ. ಅಂಗಡಿಯಲ್ಲಿ "ಚೀಲೇಟೆಡ್" ಎಂದು ದುಬಾರಿಗೆ ಮಾರುವುದೂ ಇದೇ ಉಪಾಯವನ್ನೇ.

ಆದರೆ ಹ್ಯೂಮಸ್‌ಗೆ ಎರಡು ಮುಖ. ಕರಗಿದ ಭಾಗ ತಾಮ್ರವನ್ನು ಬೇರಿನ ತನಕ ಹೊತ್ತು ತರುತ್ತದೆ. ಕರಗದ ಗಟ್ಟಿ ಭಾಗ ಹಿಡಿದಿಟ್ಟುಕೊಳ್ಳುತ್ತದೆ. ಬರೀ ಸಾವಯವ ವಸ್ತುವೇ ತುಂಬಿದ ಜೌಗು ಮಣ್ಣಿನಲ್ಲಿ ತಾಮ್ರದ ಕೊರತೆ ಕಾಣುವುದು ಈ ಕಾರಣಕ್ಕೆ. ನಮ್ಮ ಹೊಲಗಳಲ್ಲಿ ಆ ಭಯವಿಲ್ಲ. ಸಾವಯವ ಅಂಶವೇ ಕಡಿಮೆ ಇರುವ ನಮ್ಮ ನೆಲಕ್ಕೆ ಕಳಿತ ಗೊಬ್ಬರ ಹಾಕಿದರೆ ಲಾಭವೇ.

ಉಳಿದ ತಾಮ್ರ ಜೇಡಿಯ ಮೈಗೆ, ಕಬ್ಬಿಣ-ಮ್ಯಾಂಗನೀಸ್ ತುಕ್ಕಿಗೆ, ಸುಣ್ಣದ ಹರಳಿಗೆ ಅಂಟಿರುತ್ತದೆ. ಇನ್ನೊಂದಿಷ್ಟು ಕಲ್ಲಿನ ಒಳಗೇ ಇರುತ್ತದೆ, ಅದು ಈ ಜನ್ಮದಲ್ಲಿ ಬೆಳೆಗೆ ಸಿಗುವುದಿಲ್ಲ. ಇಷ್ಟೆಲ್ಲ ಕಡೆ ಅಂಟುವುದರಿಂದಲೇ ತಾಮ್ರ ಕೆಳಗೆ ಇಳಿಯುವುದಿಲ್ಲ. ಮೇಲೆ ಬಿದ್ದದ್ದು ಹೆಚ್ಚುಕಡಿಮೆ ಮೇಲಿನ ಒಂದು ಗೇಣಿನಲ್ಲೇ ನಿಲ್ಲುತ್ತದೆ.

2. ನಿಮ್ಮ ಹೊಲ ಯಾವ ಜಾತಿಯದು ನೋಡಿ

ಒಂದು ಹೆಂಟೆ ಒಡೆದು, ಒಳಗಿನ ಬಿಳಿ ಹರಳಿನ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿ. ನೊರೆ ಬಂದರೆ ಅದು ಸುಣ್ಣ. ಕಿವಿ ಹತ್ತಿರ ಹಿಡಿದರೆ ಸಣ್ಣಗೆ ಚುರುಗುಟ್ಟುವುದೂ ಕೇಳಿಸುತ್ತದೆ. ಇಂಥ ಹೊಲ ಅಣ್ಣಿಗೇರಿ, ನವಲಗುಂದ, ನರಗುಂದ, ರೋಣ ಕಡೆ ಜಾಸ್ತಿ. ರಸಸಾರ 8ರ ಮೇಲೆ ಇರುವುದು ಇಲ್ಲಿ ಮಾಮೂಲು. ತಾಮ್ರ ಇಲ್ಲಿ ಇದ್ದರೂ ಬಿಗಿಯಾಗಿ ಕೂತಿರುತ್ತದೆ.

ಕಲಘಟಗಿ, ಶಿಗ್ಗಾಂವಿ, ಹಾನಗಲ್ ಕಡೆಯ ಕೆಂಪು ಮಣ್ಣಿಗೆ ಮಳೆ ಹೆಚ್ಚು, ಸುಣ್ಣ ಕಡಿಮೆ. ಇಲ್ಲಿ ತಾಮ್ರ ಸುಲಭವಾಗಿ ಸಿಗುತ್ತದೆ. ಹೆಚ್ಚಾದರೆ ಸುಲಭವಾಗಿ ವಿಷವೂ ಆಗುತ್ತದೆ. ಅದೂ ಮರಳು ಮಿಶ್ರಿತ, ಹುಳಿ ಮಣ್ಣಾಗಿದ್ದರೆ ಇನ್ನೂ ಬೇಗ. ಅಡಿಕೆ, ಶುಂಠಿ ಇಲ್ಲೇ ಬೆಳೆಯುವುದು, ತಾಮ್ರದ ಔಷಧಿ ಜಾಸ್ತಿ ಬೀಳುವುದೂ ಇಲ್ಲೇ. ನನಗೆ ಎರಿ ಹೊಲಕ್ಕಿಂತ ಈ ತೋಟಗಳ ಚಿಂತೆಯೇ ಹೆಚ್ಚು.

3. ಮಣ್ಣು ಸರಿಯಾಗಿ ತೆಗೆಯಿರಿ

ಬೆಳೆ ಕಟಾವಾದ ಮೇಲೆ, ಮುಂಗಾರಿಗೆ ಮುಂಚೆ ತೆಗೆಯುವುದು ಒಳ್ಳೆಯದು. ಹೊಲದಲ್ಲಿ ಅಡ್ಡಾದಿಡ್ಡಿ ನಡೆದು ಎಂಟು ಹತ್ತು ಕಡೆ ಕಸ ಸರಿಸಿ, ಇಂಗ್ಲಿಷಿನ 'ವಿ' ಆಕಾರದಲ್ಲಿ 15 ಸೆಂ.ಮೀ. ಆಳ ಗುಂಡಿ ತೋಡಿ. ಗುಂಡಿಯ ಗೋಡೆಯಿಂದ ಮೇಲಿನಿಂದ ಕೆಳಗಿನ ತನಕ ಒಂದೇ ದಪ್ಪಕ್ಕೆ ಹೆರೆದು ಮಣ್ಣು ತೆಗೆಯಿರಿ. ಎಲ್ಲ ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಡಿ. ಅರ್ಧ ಕಿಲೋ ಉಳಿಯುವ ತನಕ ಹೀಗೇ ಮಾಡಿ, ನೆರಳಲ್ಲಿ ಒಣಗಿಸಿ. ಎರಿ, ಮಸಾರಿ ಎರಡೂ ಇದ್ದರೆ ಬೇರೆ ಬೇರೆ ಚೀಲ. ಬೆರೆಸಿದರೆ ಬರುವ ಅಂಕಿ ಎರಡಕ್ಕೂ ಸೇರಿದ್ದಲ್ಲ.

ತೋಟವಾದರೆ ಇನ್ನೊಂದು ಕೆಲಸ ಮಾಡಿ. ಮೇಲಿನ 15 ಸೆಂ.ಮೀ. ಒಂದು ಚೀಲ, ಅದರ ಕೆಳಗಿನ 15ರಿಂದ 30 ಸೆಂ.ಮೀ. ಇನ್ನೊಂದು ಚೀಲ. ಔಷಧಿಯಿಂದ ಬಂದ ತಾಮ್ರವಾದರೆ ಮೇಲಿನ ಚೀಲದಲ್ಲಿ ಎದ್ದು ಕಾಣುತ್ತದೆ.

ಇಲ್ಲಿ ಆಗುವ ತಪ್ಪುಗಳು ಬಹಳ. ನಾವು ಹುಡುಕುತ್ತಿರುವುದು ಒಂದು ಟನ್ ಮಣ್ಣಿನಲ್ಲಿ ಗ್ರಾಂ ಲೆಕ್ಕದ ವಸ್ತು. ಹಿತ್ತಾಳೆ ಬುಟ್ಟಿ, ತಾಮ್ರದ ಪಾತ್ರೆ, ಸತು ಬಳಿದ ತಗಡಿನ ಬಕೆಟ್ಟು ಯಾವುದೂ ಬೇಡ. ಗೊಬ್ಬರದ ಖಾಲಿ ಚೀಲ ಬೇಡವೇ ಬೇಡ. ಔಷಧಿ ಕಲಸುವ ಜಾಗ, ಪಂಪು ತೊಳೆಯುವ ಜಾಗ, ತಿಪ್ಪೆ, ಬದು, ಮರದ ಬುಡ ಇವನ್ನು ಬಿಟ್ಟು ತೆಗೆಯಿರಿ.

ಕೊಡುವುದು ಎಲ್ಲಿ? ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಮೊದಲು ವಿಚಾರಿಸಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಗದಗ ಜಿಲ್ಲೆಗೆ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ, ಹಾವೇರಿ ಜಿಲ್ಲೆಗೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲೂ ಕೇಳಬಹುದು. ಚೀಲ ಕೊಡುವಾಗ "ಸೂಕ್ಷ್ಮ ಪೋಷಕಾಂಶದ ಪರೀಕ್ಷೆಯೂ ಬೇಕು" ಎಂದು ಬಾಯಿಬಿಟ್ಟು ಹೇಳಿ. ಸುಮ್ನೆ ಕೊಟ್ಟು ಬಂದರೆ ಸಾರಜನಕ, ರಂಜಕ, ಪೊಟ್ಯಾಷ್ ಮಾತ್ರ ನೋಡಿ ಕಳಿಸಿಬಿಡಬಹುದು.

4. ವರದಿಯನ್ನು ಓದಿ

2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳಿರುತ್ತವೆ. ಅದರಲ್ಲಿ ತಾಮ್ರವೂ ಒಂದು. ಪಕ್ಕದಲ್ಲಿ ಪಿಪಿಎಂ ಎಂದಿರುತ್ತದೆ. ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗ ಎಂದು ಅರ್ಥ. ಒಂದು ಟನ್ ಮಣ್ಣಿಗೆ ಒಂದು ಗ್ರಾಂ ಎಂದುಕೊಂಡರೆ ಸುಲಭ.

ಈ ಅಂಕಿ ಮಣ್ಣಿನ ಒಟ್ಟು ತಾಮ್ರವಲ್ಲ. ಡಿಟಿಪಿಎ ಎಂಬ ದ್ರಾವಣದಲ್ಲಿ ಮಣ್ಣನ್ನು ಎರಡು ಗಂಟೆ ಕುಲುಕಿ, ಬಿಡಿಸಿಕೊಂಡು ಬಂದದ್ದನ್ನು ಮಾತ್ರ ಅಳೆಯುತ್ತಾರೆ. ಬೇರು ಎಳೆದುಕೊಳ್ಳಬಲ್ಲ ತಾಮ್ರದ ಅಂದಾಜು ಅದು. ಒಟ್ಟು ತಾಮ್ರ ಹತ್ತಾರು ಪಿಪಿಎಂ ಇರುವ ಮಣ್ಣಿನಲ್ಲೂ ಈ ಅಂಕಿ ಒಂದೆರಡು ಬರಬಹುದು. ಗಾಬರಿ ಬೇಡ.

ಗಡಿ 0.2 ಪಿಪಿಎಂ. ಅದಕ್ಕಿಂತ ಕೆಳಗಿದ್ದರೆ ಕೊರತೆ, ಮೇಲಿದ್ದರೆ ಸಾಕು. ಸತುವಿನ ಗಡಿ 0.6. ಎರಡನ್ನೂ ಒಟ್ಟಿಗೇ ನೋಡಿ. ತಾಮ್ರ 0.25ರ ಹಾಗೆ ಗಡಿಯ ಹತ್ತಿರ ಇದ್ದು, ರಸಸಾರ 8.5 ದಾಟಿದ್ದು, ಸಾವಯವ ಇಂಗಾಲ ತೀರಾ ಕಡಿಮೆ ಇದ್ದರೆ ಮಾತ್ರ ಮುಂದಿನ ಹಂಗಾಮಿನಲ್ಲಿ ಬೆಳೆಯ ಮೇಲೆ ಕಣ್ಣಿಡಿ. ಬೇರೆಯವರು ಮುಂದಕ್ಕೆ ಹೋಗಿ.

5. ಗಿಡ ಏನು ಹೇಳುತ್ತಿದೆ?

ತಾಮ್ರ ಹಳೆಯ ಎಲೆಯಿಂದ ಹೊಸ ಎಲೆಗೆ ಸುಲಭವಾಗಿ ಹೋಗುವುದಿಲ್ಲ. ಹಾಗಾಗಿ ಕೊರತೆ ಮೊದಲು ಎಳೆಯ ಎಲೆಯಲ್ಲಿ ಕಾಣುತ್ತದೆ. ಗೋಧಿಯಲ್ಲಿ ಹೊಸ ಎಲೆಯ ತುದಿ ಬೆಳ್ಳಗಾಗಿ, ಒಣಗಿ, ಸುರುಳಿ ಸುತ್ತಿಕೊಳ್ಳುತ್ತದೆ. ತೆನೆ ಬಂದರೂ ಜೊಳ್ಳು. ಪರಾಗ ಸರಿಯಾಗಿ ಬಲಿಯಲು ತಾಮ್ರ ಬೇಕು, ಅದಿಲ್ಲದೆ ಕಾಳು ಕಟ್ಟುವುದಿಲ್ಲ. ಉಳ್ಳಾಗಡ್ಡಿಯಲ್ಲಿ ಗಡ್ಡೆ ಮೆತ್ತಗಾಗಿ, ಸಿಪ್ಪೆ ತೆಳ್ಳಗೆ, ಬಣ್ಣ ಪೇಲವವಾಗುತ್ತದೆ. ನಿಂಬೆಯಲ್ಲಿ ಚಿಗುರು ತುದಿಯಿಂದ ಒಣಗುತ್ತಾ ಬಂದು ಅಂಟು ಒಸರುತ್ತದೆ.

ಈಗ ಹಳದಿ ಎಲೆಯ ವಿಷಯ. ಎಳೆ ಎಲೆಯಲ್ಲಿ ನರ ಹಸಿರಾಗಿದ್ದು ನಡುವೆ ಹಳದಿಯಾಗಿದ್ದರೆ, ಅದೂ ಸುಣ್ಣದ ನೆಲದ ಶೇಂಗಾದಲ್ಲಾದರೆ, ಅದು ಬಹುತೇಕ ಕಬ್ಬಿಣದ ಕೊರತೆ. ಗೋವಿನಜೋಳದ ಎಳೆ ಎಲೆಯ ಬುಡದ ಕಡೆ ಬಿಳಿ ಪಟ್ಟಿ ಕಂಡರೆ ಸತು. ಕೆಳಗಿನ ಹಳೆ ಎಲೆ ಮೊದಲು ಹಳದಿಯಾದರೆ ಸಾರಜನಕ. ಇವುಗಳಿಗೆ ತಾಮ್ರ ಕೊಟ್ಟರೆ ಏನೂ ಆಗುವುದಿಲ್ಲ ಎಂದುಕೊಳ್ಳಬೇಡಿ, ಕೆಟ್ಟದ್ದೇ ಆಗುತ್ತದೆ. ಹೆಚ್ಚಾದ ತಾಮ್ರ ಗಿಡಕ್ಕೆ ಕಬ್ಬಿಣ ಸಿಗದ ಹಾಗೆ ಮಾಡುತ್ತದೆ. ಹಳದಿ ಇನ್ನೂ ಹೆಚ್ಚುತ್ತದೆ. ಅದನ್ನು ನೋಡಿ ಮತ್ತೊಮ್ಮೆ ತಾಮ್ರ ಹಾಕಿದವರೂ ಇದ್ದಾರೆ.

ಅನುಮಾನ ಉಳಿದರೆ ಎಲೆ ಪರೀಕ್ಷೆ ಮಾಡಿಸಿ. ಒಣಗಿಸಿದ ಎಲೆಯಲ್ಲಿ 5ರಿಂದ 20 ಪಿಪಿಎಂ ತಾಮ್ರ ಇದ್ದರೆ ಹೆಚ್ಚಿನ ಬೆಳೆಗಳಿಗೆ ಸಾಕು. ಆದರೆ ಬೋರ್ಡೋ ಬಿದ್ದ ಎಲೆ ಕಳಿಸಬೇಡಿ. ಎಲೆಯ ಮೇಲಿನ ನೀಲಿ ಕಲೆಯನ್ನೇ ಲ್ಯಾಬ್ ಅಳೆದುಬಿಡುತ್ತದೆ. ಸಿಂಪಡಣೆ ಆದ ಮೇಲೆ ಬಂದ ಹೊಸ ಎಲೆ ಬಲಿತ ನಂತರ ಅದನ್ನು ಕೊಡಿ.

ಇನ್ನೊಂದು ಮಾತು. ವರದಿಯಲ್ಲಿ ತಾಮ್ರ ಸಾಕಷ್ಟಿದ್ದೂ ಗಿಡಕ್ಕೆ ಸಿಗದಿದ್ದರೆ ಹಾಕಿದ ಗೊಬ್ಬರದ ಪಟ್ಟಿ ನೋಡಿ. ವರ್ಷಗಟ್ಟಲೆ ಡಿಎಪಿ (ರಂಜಕದ ಗೊಬ್ಬರ) ಸುರಿದ ಹೊಲ, ಸತುವಿನ ಸಲ್ಫೇಟ್ ಅಳತೆ ಮೀರಿ ಹಾಕಿದ ಹೊಲದಲ್ಲಿ ತಾಮ್ರ ಹಿಂದೆ ಬೀಳುತ್ತದೆ. ಸತು ಮತ್ತು ತಾಮ್ರ ಬೇರಿನ ಬಾಗಿಲಲ್ಲಿ ಒಂದಕ್ಕೊಂದು ಅಡ್ಡ ನಿಲ್ಲುತ್ತವೆ.

6. ನಿಜವಾಗಿ ಕೊರತೆ ಇದ್ದರೆ

ವರದಿಯೂ ಗಿಡವೂ ಒಂದೇ ಮಾತು ಹೇಳಿದರೆ ಮಾತ್ರ ಈ ಹಂತ.

ಗೊಬ್ಬರದ ದರ್ಜೆಯ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಅದರಲ್ಲಿ 24% ತಾಮ್ರವಿರುತ್ತದೆ. 4 ಕಿಲೋ ಮೈಲುತುತ್ತ ಎಂದರೆ ಸುಮಾರು 1 ಕಿಲೋ ತಾಮ್ರ. ಎಕರೆಗೆ 2ರಿಂದ 4 ಕಿಲೋ ಮೈಲುತುತ್ತವನ್ನು ಕಳಿತ ತಿಪ್ಪೆಗೊಬ್ಬರದ ಜೊತೆ ಬೆರೆಸಿ, ಬಿತ್ತನೆಗೆ ಮುಂಚೆ ಹೊಲಕ್ಕೆಲ್ಲ ಸಮನಾಗಿ ಚೆಲ್ಲಿ ಹರಗಿ. ನಿಮ್ಮ ವರದಿಯಲ್ಲಿ ಬೇರೆ ಪ್ರಮಾಣ ಬರೆದಿದ್ದರೆ ಅದನ್ನೇ ಅನುಸರಿಸಿ. ತಾಮ್ರ ಹಾಕಿದ ಕಡೆಯೇ ನಿಲ್ಲುವುದರಿಂದ ಮೇಲೆ ಚೆಲ್ಲಿ ಬಿಟ್ಟರೆ ಬೇರಿಗೆ ಮುಟ್ಟುವುದಿಲ್ಲ. ಒಂದೇ ಕಡೆ ಗುಡ್ಡೆ ಬಿದ್ದರೆ ಅಲ್ಲಿನ ಸಸಿ ಸುಡುತ್ತದೆ.

ಒಮ್ಮೆ ಹಾಕಿದರೆ ಹಲವು ವರ್ಷ ಸಾಕು. ಮರು ವರ್ಷ ಹಾಕಬೇಡಿ. ಸತುವನ್ನು ಆಗಾಗ ಹಾಕುವ ರೂಢಿ ಇದೆ ಎಂದು ತಾಮ್ರವನ್ನೂ ಅದೇ ಸಾಲಿಗೆ ಸೇರಿಸುವುದು ನಾನು ಕಂಡ ದೊಡ್ಡ ತಪ್ಪು.

ಬೆಳೆ ಎದ್ದು ನಿಂತಿದ್ದರೆ ಸಿಂಪಡಣೆ. ಒಂದು ಲೀಟರ್ ನೀರಿಗೆ 1 ಗ್ರಾಂ ಮೈಲುತುತ್ತ, ಅರ್ಧ ಗ್ರಾಂ ಅರಳಿದ ಸುಣ್ಣ. ಸುಣ್ಣ ಬಿಟ್ಟರೆ ಎಲೆ ಸುಡುತ್ತದೆ. ಮೊದಲು ಒಂದು ಸಾಲಿಗೆ ಹೊಡೆದು ಎರಡು ದಿನ ಕಾಯಿರಿ. ಗೋಧಿಗಾದರೆ ತೆನೆ ಹೊರಡುವ ಮುಂಚೆಯೇ ಹೊಡೆಯಬೇಕು. ಜೊಳ್ಳಾದ ಮೇಲೆ ಹೊಡೆದು ಪ್ರಯೋಜನವಿಲ್ಲ.

7. ತಾಮ್ರದ ಔಷಧಿ ಬೀಳುವ ತೋಟಗಳ ಲೆಕ್ಕ

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ, ಸವಣೂರಿನ ವೀಳ್ಯದೆಲೆ ಬಳ್ಳಿಯ ಕೊಳೆಗೆ ಬೋರ್ಡೋ, ಶುಂಠಿಗೆ, ಮೆಣಸಿನಗಿಡಕ್ಕೆ ಸಿಒಸಿ ಪುಡಿ. ಸಿಒಸಿ ಅಂದರೆ ಕಾಪರ್ ಆಕ್ಸಿಕ್ಲೋರೈಡ್. ಎಲ್ಲದರಲ್ಲೂ ಇರುವುದು ಇದೇ ತಾಮ್ರ. ಫ್ರಾನ್ಸಿನ ಬೋರ್ಡೋ ಊರಿನ ದ್ರಾಕ್ಷಿ ತೋಟಗಳಲ್ಲಿ 1885ರ ಹೊತ್ತಿಗೆ ಈ ಮಿಶ್ರಣ ಬಳಕೆಗೆ ಬಂತು. ನೂರು ವರ್ಷ ಹೊಡೆದ ಅಲ್ಲಿನ ತೋಟಗಳ ಮೇಲ್ಮಣ್ಣಿನಲ್ಲಿ ತಾಮ್ರ ಕೂಡಿಬಿದ್ದಿದೆ. ಅದನ್ನು ಕಂಡೇ ಯುರೋಪಿನಲ್ಲಿ ಏಳು ವರ್ಷಕ್ಕೆ ಒಟ್ಟು ಹೆಕ್ಟೇರಿಗೆ 28 ಕಿಲೋ ತಾಮ್ರ ಮೀರಬಾರದು ಎಂದು ಮಿತಿ ಹಾಕಿದ್ದಾರೆ. ನಮ್ಮ ಅಳತೆಯಲ್ಲಿ ವರ್ಷಕ್ಕೆ ಎಕರೆಗೆ ಸುಮಾರು 1.6 ಕಿಲೋ.

ಈಗ ನಿಮ್ಮ ನೋಟ್‌ಬುಕ್ಕು ತೆಗೆಯಿರಿ. 1% ಬೋರ್ಡೋ ಎಂದರೆ 100 ಲೀಟರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಅದರಲ್ಲಿ ತಾಮ್ರ ಸುಮಾರು 250 ಗ್ರಾಂ. ಎಕರೆಗೆ 400 ಲೀಟರ್ ಹಿಡಿದರೆ ಒಂದು ಸಲಕ್ಕೆ 1 ಕಿಲೋ ತಾಮ್ರ. ವರ್ಷಕ್ಕೆ ಎರಡು ಸಲ ಎಂದರೆ 2 ಕಿಲೋ. 20 ವರ್ಷಕ್ಕೆ 40 ಕಿಲೋ.

ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣು ತೂಗಿದರೆ ಸುಮಾರು 9 ಲಕ್ಷ ಕಿಲೋ. 40 ಕಿಲೋ ತಾಮ್ರ ಅಲ್ಲೇ ನಿಂತರೆ 44 ಪಿಪಿಎಂ ಹೆಚ್ಚಾಯಿತು. ಬೆಳೆ ಎಷ್ಟು ಒಯ್ಯುತ್ತದೆ? ಎಕರೆಗೆ 4 ಟನ್ ಒಣ ಸೊಪ್ಪು-ಕಾಳು ಬಂದು, ಅದರಲ್ಲಿ 5 ಪಿಪಿಎಂ ತಾಮ್ರ ಇದ್ದರೆ ಹೊರಗೆ ಹೋಗುವುದು 20 ಗ್ರಾಂ. ಬರುವುದು ಕಿಲೋದಲ್ಲಿ, ಹೋಗುವುದು ಗ್ರಾಂನಲ್ಲಿ.

ಬುಡಕ್ಕೆ ಸುರಿಯುವುದು ಇನ್ನೂ ಭಾರ. 50% ಸಿಒಸಿ ಪುಡಿಯನ್ನು ಲೀಟರಿಗೆ 3 ಗ್ರಾಂನಂತೆ ಕಲಸಿ ಎಲೆಗೆ 200 ಲೀಟರ್ ಹೊಡೆದರೆ 300 ಗ್ರಾಂ ತಾಮ್ರ. ಅದೇ ನೀರನ್ನು ಶುಂಠಿ ಮಡಿಗಳಿಗೆ 1000 ಲೀಟರ್ ಸುರಿದರೆ ಒಂದೂವರೆ ಕಿಲೋ, ಅದೂ ನೇರವಾಗಿ ಮಣ್ಣಿಗೆ.

ಹೊಡೆಯಲೇಬೇಡಿ ಎನ್ನುತ್ತಿಲ್ಲ. ಕೊಳೆರೋಗ ಬಂದರೆ ಗೊನೆಯೇ ಉದುರುತ್ತದೆ, ಆ ಸಂಕಟ ಗೊತ್ತು. ರೋಗಕ್ಕೆ ಬೇಕಾದಷ್ಟೇ ಹೊಡೆಯಿರಿ, ಬರೆದಿಡಿ. ಬೋರ್ಡೋ ಮಿಶ್ರಣವನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮಾಡಿ. ಮೈಲುತುತ್ತ, ಸುಣ್ಣ ಎರಡನ್ನೂ ಬೇರೆ ಬೇರೆ ನೀರಿನಲ್ಲಿ ಕರಗಿಸಿ, ತಾಮ್ರದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯಿರಿ. ಉಜ್ಜಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಚಾಕುವಿಗೆ ಕೆಂಪು ಲೇಪ ಹತ್ತಿದರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು. ಅದೇ ದಿನ ಬಳಸಿ ಮುಗಿಸಿ. "ಸುಣ್ಣ ಸೇರೈತಲ್ಲ, ನೆಲಕ್ಕ ಏನೂ ಆಗಂಗಿಲ್ಲ" ಎನ್ನುವುದು ತಪ್ಪು. ಸುಣ್ಣ ಎಲೆಯನ್ನು ಕಾಯುತ್ತದೆ. ತಾಮ್ರ ಆಮೇಲೆ ನೆಲಕ್ಕೇ ಬೀಳುತ್ತದೆ.

ಟ್ರೈಕೋಡರ್ಮಾ ಹಾಕಿದ ಬುಡಕ್ಕೆ ತಾಮ್ರ ಸುರಿಯಬೇಡಿ. ರೋಗದ ಶಿಲೀಂಧ್ರವನ್ನು ತಡೆಯಲು ಹಾಕುವ ಅದೂ ಶಿಲೀಂಧ್ರವೇ, ತಾಮ್ರಕ್ಕೆ ಒಳ್ಳೆಯದು ಕೆಟ್ಟದ್ದು ಎಂಬ ಭೇದವಿಲ್ಲ. ಉಳಿದ ನೀರನ್ನು ಕೆರೆ, ಬಾವಿ, ಕೃಷಿ ಹೊಂಡದ ಹತ್ತಿರ ಚೆಲ್ಲಬೇಡಿ, ಮೀನು ಸಾಯುತ್ತವೆ. ಔಷಧಿ ಬಿದ್ದ ತೋಟದ ಹುಲ್ಲಿಗೆ ಕುರಿ ಬಿಡಲೇಬೇಡಿ. ದನಕ್ಕಿಂತ ಕುರಿಗೆ ತಾಮ್ರ ಬಹಳ ಬೇಗ ವಿಷವಾಗುತ್ತದೆ. ದಿನವೂ ಸ್ವಲ್ಪ ಸ್ವಲ್ಪ ಯಕೃತ್ತಿನಲ್ಲಿ ಕೂಡುತ್ತಾ ಹೋಗಿ, ಒಂದು ದಿನ ಇದ್ದಕ್ಕಿದ್ದಂತೆ ಕುರಿ ಬಿದ್ದುಬಿಡುತ್ತದೆ.

ಕೋಳಿ ಗೊಬ್ಬರ ಲೋಡುಗಟ್ಟಲೆ ಹಾಕುವವರು ಅದನ್ನೂ ಲೆಕ್ಕಕ್ಕೆ ಸೇರಿಸಿ. ಕೋಳಿ ಆಹಾರದಲ್ಲಿ ತಾಮ್ರ ಬೆರೆಸಿರುತ್ತಾರೆ, ಹೆಚ್ಚಿನದು ಹಿಕ್ಕೆಯಲ್ಲೇ ಹೊರಬರುತ್ತದೆ.

8. ಈಗಾಗಲೇ ಹೆಚ್ಚಾಗಿದ್ದರೆ

ಗುರುತು ಬೇರಿನಲ್ಲಿದೆ. ಒಂದು ಗಿಡ ಮೆಲ್ಲಗೆ ಕಿತ್ತು ತೊಳೆದು ನೋಡಿ. ಬೇರು ಮೋಟಾಗಿ, ದಪ್ಪಗೆ, ಕಂದು ಬಣ್ಣಕ್ಕೆ ತಿರುಗಿದ್ದು, ಕೂದಲಿನಂಥ ಸಣ್ಣ ಬೇರುಗಳೇ ಇಲ್ಲದಿದ್ದರೆ ಅನುಮಾನ ಪಡಿ. ಮೇಲೆ ಎಳೆ ಎಲೆ ಹಳದಿ. ಹೆಸರುಕಾಳು, ಶೇಂಗಾದ ಬೇರಿನಲ್ಲಿ ಗಂಟು ಕಡಿಮೆ. ಹಸಿ ಮಣ್ಣು ಅಗೆದರೆ ಎರೆಹುಳ ಸಿಗುವುದಿಲ್ಲ. ಇವು ಬೇರೆ ಕಾರಣಕ್ಕೂ ಆಗಬಹುದು, ಹಾಗಾಗಿ 3ನೇ ಹಂತದ ಎರಡು ಚೀಲದ ಪರೀಕ್ಷೆ ಮಾಡಿಸಿಯೇ ತೀರ್ಮಾನಿಸಿ.

ತಾಮ್ರವನ್ನು ಹೊಲದಿಂದ ತೆಗೆಯುವ ಸುಲಭದ ದಾರಿ ಇಲ್ಲ. ಕಟ್ಟಿಹಾಕುವುದೊಂದೇ ದಾರಿ. ರಸಸಾರ 6ರ ಕೆಳಗಿದ್ದರೆ ಪರೀಕ್ಷೆಯ ಪ್ರಕಾರ ಕೃಷಿ ಸುಣ್ಣ ಹಾಕಿ. ತಿಪ್ಪೆಗೊಬ್ಬರ, ಹಸಿರೆಲೆ ಗೊಬ್ಬರ ಪ್ರತಿ ವರ್ಷ ಕೊಡಿ. ಬಯಲು ಹೊಲವಾದರೆ ಒಮ್ಮೆ ಆಳವಾಗಿ ಉತ್ತು ಮೇಲಿನ ಮಣ್ಣನ್ನು ಕೆಳಗಿನದರ ಜೊತೆ ಬೆರೆಸಬಹುದು. ಅಡಿಕೆ ತೋಟದಲ್ಲಿ ಬೇರು ಹರಿಯುವುದರಿಂದ ಅದು ಆಗದ ಮಾತು. ಎಲೆ ಹಳದಿಗೆ ಲೀಟರಿಗೆ 5 ಗ್ರಾಂ ಕಬ್ಬಿಣದ ಸಲ್ಫೇಟ್ ಸಿಂಪಡಿಸಿದರೆ ಆ ಹಂಗಾಮಿಗೆ ಗಿಡ ಚೇತರಿಸಿಕೊಳ್ಳುತ್ತದೆ. ಎಲ್ಲಕ್ಕಿಂತ ಮುಂಚೆ ತಾಮ್ರದ ಔಷಧಿ ಕಡಿಮೆ ಮಾಡಿ. ಬದಲಿ ಯಾವುದು ಎಂದು ನಿಮ್ಮ ಬೆಳೆಯ ಹೆಸರು ಹೇಳಿ ಕೃಷಿ ವಿಜ್ಞಾನ ಕೇಂದ್ರದಲ್ಲೇ ಕೇಳಿ, ಅಂಗಡಿಯಲ್ಲಿ ಅಲ್ಲ.

ಮೂರು ವರ್ಷ ಬಿಟ್ಟು ಮತ್ತೆ ಮಣ್ಣು ತೆಗೆಯಿರಿ. ಅದೇ ಜಾಗ, ಅದೇ ಆಳ, ಅದೇ ತಿಂಗಳು, ಸಾಧ್ಯವಾದರೆ ಅದೇ ಲ್ಯಾಬ್. ಹಳೆಯ ವರದಿಯನ್ನು ನೋಟ್‌ಬುಕ್ಕಿನ ಅದೇ ಪುಟಕ್ಕೆ ಪಿನ್ ಹಚ್ಚಿಡಿ, ಎರಡು ಅಂಕಿ ಪಕ್ಕಪಕ್ಕ ಬರಬೇಕು.